ಗೃಹಸ್ಥಧರ್ಮ: ಮಾಳಿಗೆಯ ಮೇಲೆ ಮಣ್ಣು ಎಷ್ಟಿರಬೇಕು?



ಕಾರ್ತಿಕದ ಅಷ್ಟಾಹ್ನಿಕ ಪರ್ವ ಮುಗಿಯಿತು. ಚಾತುರ್ಮಾಸ ಮುಗಿಸಿದ ತ್ಯಾಗಿಗಳು ವಿಹಾರ ಹೊರಟರು. ಅಡತಿಗಳಲ್ಲಿ ಸೋಯಾಬೀನಿನ ಆವಕ ಇಳಿಮುಖವಾಗಿದೆ, ಹೊಸ ತೊಗರಿ ಬರಲು ಇನ್ನೂ ಕೆಲವು ವಾರ ಬೇಕು. ನಮ್ಮ ಗಡಿಭಾಗದ ವ್ಯಾಪಾರಸ್ಥ ಕುಟುಂಬಗಳಿಗೆ ವರ್ಷದಲ್ಲಿ ಸ್ವಲ್ಪ ಬಿಡುವು ಸಿಗುವುದು ಈಗಲೇ. ಚಳಿಯೂ ಇದೇ ಸಮಯ ನೋಡಿ ಮನೆಯೊಳಗೆ ಕಾಲಿಡುತ್ತದೆ. ದೇವಣಿ, ಉದಗೀರ, ನಿಲಂಗಾ, ಉಮರ್ಗಾ ಇವೆಲ್ಲ ಬಾಲಾಘಾಟದ ಎತ್ತರದ ನೆಲದ ಊರುಗಳು. ಸಮುದ್ರ ಮಟ್ಟದಿಂದ ಸುಮಾರು 2,000 ಅಡಿ ಮೇಲಿವೆ. ಮಧ್ಯಾಹ್ನ ಬಿಸಿಲು ಸುಡುತ್ತಿದ್ದರೂ, ಉತ್ತರದ ಗಾಳಿ ಬೀಸಿದ ರಾತ್ರಿ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹೀಗೆ ಹಗಲು ಒಂದು, ರಾತ್ರಿ ಒಂದು ಎಂಬಂತಹ ಹವೆಯಲ್ಲಿ ಮನೆ ಹೇಗಿರಬೇಕೆಂಬ ಪ್ರಶ್ನೆ ಸಣ್ಣದಲ್ಲ.

ಈ ಸಲ ಅಂಕಣಕ್ಕೆ ವಿಷಯ ಒದಗಿಸಿದ್ದು ಒಂದು ಪತ್ರ. ದೇವಣಿ ತಾಲೂಕಿನ ಒಂದು ಊರಿನಿಂದ ಸೋದರಿಯೊಬ್ಬರು ಬರೆದಿದ್ದಾರೆ. ಹೆಸರು, ಊರು ಹಾಕಬೇಡಿರೆಂದು ಕೇಳಿಕೊಂಡಿದ್ದಾರೆ; ಹಾಕುವುದಿಲ್ಲ. ಪತ್ರದ ಸಾರಾಂಶ ಇಷ್ಟು.

ಬಸದಿಯ ಹಿಂದಿನ ಓಣಿಯಲ್ಲಿ ಅವರ ಹಿರಿಯರ ಮಾಳಿಗೆ ಮನೆ ಇದೆ. ಆರು ವರ್ಷಗಳ ಹಿಂದೆ ರಸ್ತೆಯ ಪಕ್ಕದಲ್ಲಿ ಸ್ಲ್ಯಾಬಿನ ಮನೆ ಕಟ್ಟಿ ಎಲ್ಲರೂ ಅಲ್ಲಿಗೆ ಬಂದರು. ಹಳೆಯ ಮನೆಗೆ ಬೀಗ. ಮಾವನವರಿಗೆ 81 ವರ್ಷ. ಪ್ರತಿ ಚಳಿಗಾಲ ಹೊಸ ಮನೆಯಲ್ಲಿ ಅವರಿಗೆ ನಿದ್ದೆ ಇಲ್ಲ; ಮೊಣಕಾಲು ಹಿಡಿದುಕೊಳ್ಳುತ್ತವೆ, ಕೆಮ್ಮು ಬಿಡುವುದಿಲ್ಲ. “ನನ್ನ ಹಳೀ ಮನಿಗಿ ಒಯ್ದು ಬಿಡ್ರಿ, ಅಲ್ಲಿ ಬೆಚ್ಚಗ ಮಲಗತೀನಿ” ಎಂದು ದಿನವೂ ಹೇಳುತ್ತಾರಂತೆ. ಆದರೆ ಆ ಮನೆಯ ಹಿಂದಿನ ಗೋಡೆ 1993ರ ಭೂಕಂಪದಿಂದಲೂ ಬಸುರಿಯ ಹೊಟ್ಟೆಯ ಹಾಗೆ ಹೊರಗೆ ಬಂದಿದೆ. ಈ ನಡುವೆ ಲಾತೂರಿನಲ್ಲಿರುವ ಭಾವನವರು ಮನೆಗೆ ಗಿರಾಕಿ ಕರೆತಂದಿದ್ದಾರೆ. ಗೋಡೆಗೆ ಗಿಲಾವು ಮಾಡಿ, ಸುಣ್ಣ ಬಳಿದು ತೋರಿಸಿದರೆ ಒಳ್ಳೆಯ ಬೆಲೆ ಬರುತ್ತದೆ ಎಂಬುದು ಅವರ ಮಾತು. “ಮಾವನವರನ್ನು ಅಲ್ಲಿ ಮಲಗಿಸಬಹುದೇ? ಇಲ್ಲವಾದರೆ ಈ ಮನೆಯನ್ನು ಹೇಗೆ ಬೆಚ್ಚಗೆ ಮಾಡುವುದು? ಹಳೆಯ ಮನೆಯನ್ನು ಮಾರುವುದು ಸರಿಯೇ? ಅಣ್ಣಾ, ನೀವೇ ಒಂದು ದಾರಿ ಹೇಳಿರಿ” ಎಂದು ಆ ತಂಗಿ ಕೇಳಿದ್ದಾರೆ.

ಈ ಮೂರೂ ಪ್ರಶ್ನೆ ಅವರ ಮನೆಯದ್ದಷ್ಟೇ ಅಲ್ಲ. ಗಡಿಯ ಈಚೆ ಬೀದರ, ಭಾಲ್ಕಿ, ಬಸವಕಲ್ಯಾಣದ ಕಡೆಯೂ, ಆಚೆ ಉದಗೀರ, ಉಮರ್ಗಾದ ಕಡೆಯೂ ಇಂತಹ ಬೀಗ ಹಾಕಿದ ಮಾಳಿಗೆಗಳು ಓಣಿ ಓಣಿಯಲ್ಲಿವೆ. ಆದುದರಿಂದ ಎಲ್ಲರಿಗೂ ಉಪಯೋಗವಾಗುವಂತೆ ಉತ್ತರ ಬರೆಯುತ್ತೇನೆ.

ಹಳೆಯ ಮನೆ ಏಕೆ ಬೆಚ್ಚಗಿರುತ್ತದೆ?

ಮಾವನವರ ಮಾತು ಭ್ರಮೆಯಲ್ಲ. ಮಾಳಿಗೆ ಮನೆ ನಿಜವಾಗಿಯೂ ಬೆಚ್ಚಗಿರುತ್ತದೆ. ಅದರ ರಚನೆಯನ್ನು ನೆನಪಿಸಿಕೊಳ್ಳಿರಿ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಮಣ್ಣು. ಸುತ್ತಲೂ ಎರಡು ಅಡಿಯಿಂದ ನಾಲ್ಕು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ. ಕಿಟಕಿಗಳು ಕಡಿಮೆ, ಬೆಳಕಿಗೆ ಮೇಲೊಂದು ಗವಾಕ್ಷಿ. ಮರಾಠಿಯವರು ಇದನ್ನೇ ಮಾಳವದ ಎನ್ನುತ್ತಾರೆ. ಮುಂದಿನ ಅಂಕಣದಲ್ಲಿ ದೇವಣಿ ತಳಿಯ ಕಪ್ಪು-ಬಿಳಿ ಹಸುಗಳನ್ನು ಕಟ್ಟುತ್ತಿದ್ದ ಕಾಲದಲ್ಲಿ ಅವುಗಳ ಮೈಯ ಶಾಖವೂ ಮನೆಗೆ ಸೇರುತ್ತಿತ್ತು.

ಇಲ್ಲಿ ಕೆಲಸ ಮಾಡುವುದು ಮಣ್ಣು. ಒಣ ಮಣ್ಣಿನೊಳಗೆ ಶಾಖ ಬಹಳ ನಿಧಾನವಾಗಿ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲು ಮಾಳಿಗೆಗೆ ಕೊಟ್ಟ ಶಾಖ ಒಂದು ಗೇಣು, ಅಂದರೆ ಸುಮಾರು 9 ಅಂಗುಲ ಮಣ್ಣನ್ನು ದಾಟಿ ಒಳಗೆ ಬರಲು ಏಳೆಂಟು ತಾಸು ಬೇಕು. ಹೀಗಾಗಿ ಮಧ್ಯಾಹ್ನದ ಬಿಸಿ ರಾತ್ರಿ ಮಲಗುವ ಹೊತ್ತಿಗೆ ಒಳಗೆ ತಲುಪುತ್ತದೆ. ಬೆಳಗಿನ ಜಾವದ ಚಳಿ ಒಳಗೆ ಬರುವಷ್ಟರಲ್ಲಿ ಮತ್ತೆ ಮಧ್ಯಾಹ್ನವಾಗಿರುತ್ತದೆ. ಅಷ್ಟೇ ಅಲ್ಲ, ದಿನದ ಬಿಸಿ-ತಂಪಿನ ಏರಿಳಿತವು ಆ ಒಂದು ಗೇಣು ಮಣ್ಣನ್ನು ದಾಟುವಷ್ಟರಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ.

ಸ್ಲ್ಯಾಬಿನ ಮನೆಯಲ್ಲಿ ಇದು ನಡೆಯುವುದಿಲ್ಲ. ನಾಲ್ಕೂವರೆ ಅಂಗುಲದ ಕಾಂಕ್ರೀಟು ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ಸಂಜೆ ಬಿಸಿ, ನಡುರಾತ್ರಿಯ ನಂತರ ತಣ್ಣಗೆ. ಬೆಳಗಿನ ಜಾವ ನಾಲ್ಕಕ್ಕೆ ವಯಸ್ಸಾದವರಿಗೆ ಎಚ್ಚರವಾಗುವುದು ಇದರಿಂದಲೇ. ಪತ್ರಾದ ಮನೆಯಂತೂ ಕೇಳುವುದೇ ಬೇಡ, ಬೆಳಗ್ಗೆ ಇಬ್ಬನಿ ಒಳಗಿನಿಂದಲೇ ತೊಟ್ಟಿಕ್ಕುತ್ತದೆ.

ಹಾಗಾದರೆ ಹಳೆಯ ಮನೆಯೇ ಮೇಲು ಎನ್ನೋಣವೇ? ಸ್ವಲ್ಪ ತಾಳಿರಿ.

ಆ ಬೆಳಗಿನ ಜಾವ

1993ರ ಸೆಪ್ಟೆಂಬರ್ 29 ಅನಂತ ಚತುರ್ದಶಿ. ದಶಲಕ್ಷಣ ಪರ್ವದ ಕೊನೆಯ ದಿನ. ನಮ್ಮ ಮನೆಗಳಲ್ಲಿ ಉಪವಾಸ ಮಾಡಿದವರು ಮರುದಿನದ ಪಾರಣೆಯ ಸಿದ್ಧತೆ ಮಾಡಿಟ್ಟು ಮಲಗಿದ್ದರು. ಊರವರು ಗಣಪತಿಯನ್ನು ಕಳಿಸಿ ತಡವಾಗಿ ಮನೆಗೆ ಬಂದಿದ್ದರು. 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಲಾತೂರ ಜಿಲ್ಲೆಯ ಔಸಾ ತಾಲೂಕಿನ ಕಿಲ್ಲಾರಿ, ಅಂದಿನ ಉಮರ್ಗಾ ತಾಲೂಕಿನ ಸಾಸ್ತೂರ ಮೊದಲಾದ ಊರುಗಳು ನೆಲಸಮವಾದವು. ಸತ್ತವರು ಸುಮಾರು ಹತ್ತು ಸಾವಿರ. ಭೂಕಂಪದ ಪ್ರಮಾಣ 6.2. ಜಗತ್ತಿನ ಬೇರೆ ಕಡೆ ಇಷ್ಟೇ ಪ್ರಮಾಣದ ಕಂಪನದಲ್ಲಿ ಬೆರಳೆಣಿಕೆಯ ಜನ ಸತ್ತ ಉದಾಹರಣೆಗಳಿವೆ. ಇಲ್ಲಿ ಇಷ್ಟು ಜನ ಸಾಯಲು ಮುಖ್ಯ ಕಾರಣ, ಮಲಗಿದ್ದವರ ಮೇಲೆ ಬಿದ್ದ ಕಲ್ಲು ಮತ್ತು ಮಣ್ಣು.

ವ್ಯಾಪಾರಸ್ಥರಿಗೆ ತೂಕದ ಭಾಷೆ ಬೇಗ ತಿಳಿಯುತ್ತದೆ, ಆದುದರಿಂದ ಲೆಕ್ಕ ಹಾಕೋಣ. ಒಂದು ಘನ ಅಡಿ ಒಣ ಮಣ್ಣು ಸುಮಾರು 45 ಕಿಲೋ ತೂಗುತ್ತದೆ. 10 ಅಡಿ ಅಗಲ, 12 ಅಡಿ ಉದ್ದದ ಒಂದು ಕೋಣೆ. ಅದರ ಮೇಲೆ ಎರಡು ಅಡಿ ಮಣ್ಣಿದ್ದರೆ ಒಟ್ಟು 240 ಘನ ಅಡಿ. ತೂಕ 108 ಕ್ವಿಂಟಲ್. ಮಳೆ ನೀರು ಕುಡಿದಾಗ ಇನ್ನೂ ಹೆಚ್ಚು. ಕ್ವಿಂಟಲ್ ಚೀಲದ ತೊಗರಿಯಾಗಿದ್ದರೆ 108 ಚೀಲಗಳನ್ನು ತಲೆಯ ಮೇಲೆ ಥಪ್ಪಿ ಹಚ್ಚಿ, ಕೆಳಗೆ ನಾವು ಮಲಗಿದಂತೆ. ಅದೇ ಕೋಣೆಗೆ ಸ್ಲ್ಯಾಬ್ ಹಾಕಿದರೆ ಅದರ ತೂಕ ಸುಮಾರು 32 ಕ್ವಿಂಟಲ್.

ಇಷ್ಟು ಮಣ್ಣು ಹೇಗೆ ಬಂತು? ಯಾರೂ ಒಂದೇ ದಿನ ಹಾಕಲಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ, ಸೋರದಿರಲಿ ಎಂದು ಒಂದೊಂದು ಪದರ ಹಾಕಿದರು. ತಾತ ಹಾಕಿದ್ದನ್ನು ಅಪ್ಪ ತೆಗೆಯಲಿಲ್ಲ, ಅಪ್ಪ ಹಾಕಿದ್ದನ್ನು ನಾವು ತೆಗೆಯಲಿಲ್ಲ. ಮನೆ ಬೆಚ್ಚಗಿರಲು ಬೇಕಾದದ್ದು ಮೊದಲ ಒಂದು ಗೇಣು. ಅದರ ಮೇಲಿನ ಮಣ್ಣಿನಿಂದ ಹೆಚ್ಚುವ ಬೆಚ್ಚಗೆ ಅತ್ಯಲ್ಪ, ಹೆಚ್ಚುವ ಭಾರ ಪೂರ್ತಿ.

ಇದನ್ನು ಬರೆಯುವಾಗ ಪರಿಗ್ರಹ ಪರಿಮಾಣದ ಮಾತು ನೆನಪಾಗದೆ ಇರದು. ಶ್ರಾವಕನು ಮಿತಿ ಹಾಕಿಕೊಳ್ಳಬೇಕಾದ ಬಾಹ್ಯ ಪರಿಗ್ರಹಗಳಲ್ಲಿ ಮೊದಲು ಬರುವವೇ ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ ಮತ್ತು ಮನೆ. ಅಗತ್ಯವಿರುವಷ್ಟು ಇದ್ದಾಗ ಅದು ಕಾಯುತ್ತದೆ, ಅಗತ್ಯ ದಾಟಿದ್ದು ಭಾರವಾಗುತ್ತದೆ ಎಂದು ಪ್ರವಚನದಲ್ಲಿ ಕೇಳಿದ್ದೇವೆ. ಮಾಳಿಗೆಯ ಮಣ್ಣು ಅದಕ್ಕೆ ಕಣ್ಣೆದುರಿನ ಸಾಕ್ಷಿ.

ಇನ್ನು ಗೋಡೆ. ಹೊರಗೆ ಕೆತ್ತಿದ ಕಲ್ಲು, ಒಳಗೆ ಇನ್ನೊಂದು ಸಾಲು ಕಲ್ಲು, ನಡುವೆ ಮಣ್ಣು ಮತ್ತು ಸಣ್ಣ ಕಲ್ಲುಗಳ ಭರ್ತಿ. ನೋಡಲು ಕೋಟೆಯ ಗೋಡೆಯಂತೆ ಕಂಡರೂ ಅದು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ತೆಳು ಗೋಡೆಗಳು. ಒಳಮೈಯಿಂದ ಹೊರಮೈಯವರೆಗೆ ಚಾಚಿದ ಉದ್ದನೆಯ ಕಲ್ಲುಗಳು ನಡುನಡುವೆ ಇದ್ದರೆ ಎರಡೂ ಒಂದಾಗಿರುತ್ತವೆ. ಅಂತಹ ಕಲ್ಲು ಇಲ್ಲದ ಗೋಡೆ ನಡುಗಿದಾಗ ಸೀಳಿ, ಒಂದು ಪದರ ಒಳಗೆ, ಒಂದು ಪದರ ಹೊರಗೆ ಬೀಳುತ್ತದೆ. ಆ ತಂಗಿಯ ಮನೆಯ ಗೋಡೆ ಹೊಟ್ಟೆ ಬಿಟ್ಟಿದೆ ಎಂದರೆ ಹೊರಗಿನ ಪದರ ಆಗಲೇ ಅರ್ಧ ದಾರಿ ನಡೆದಿದೆ ಎಂದರ್ಥ.

ಕಿಲ್ಲಾರಿಯಲ್ಲಿ ಇನ್ನೊಂದನ್ನೂ ಜನ ಕಂಡರು. ಗೋಡೆ ಬಿದ್ದರೂ ಅನೇಕ ಕಡೆ ಕಂಬ, ತೊಲೆಗಳ ಚೌಕಟ್ಟು ಹಾಗೆಯೇ ನಿಂತಿತ್ತು. ಕಟ್ಟಿಗೆ ಬಾಗುತ್ತದೆ, ಬೇಗ ಮುರಿಯುವುದಿಲ್ಲ. ಆದುದರಿಂದ ಹಳೆಯ ಮನೆಯಲ್ಲಿ ಎಲ್ಲವೂ ದೋಷವಲ್ಲ. ಕಿಲ್ಲಾರಿಯ ನಂತರ ವಿಶ್ವ ಬ್ಯಾಂಕಿನ ನೆರವಿನಿಂದ ಮಹಾರಾಷ್ಟ್ರ ಸರಕಾರ ಕೈಗೊಂಡ ಪುನರ್ವಸತಿ ಕಾರ್ಯದಲ್ಲಿ 52 ಊರುಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಲಾಯಿತು. ಉಳಿದ ಸಾವಿರಾರು ಊರುಗಳಲ್ಲಿ ಇದ್ದ ಮನೆಗಳನ್ನೇ ಗಟ್ಟಿಗೊಳಿಸಲು ಹೇಳಲಾಯಿತು. ಆಗ ಎಂಜಿನಿಯರರು ಕೊಟ್ಟ ಸಲಹೆ ಇವೇ: ಮಾಳಿಗೆಯ ಮಣ್ಣು ಇಳಿಸಿರಿ, ಕಂಬ-ತೊಲೆ ಕೂಡುವಲ್ಲಿ ಓರೆಯಾಗಿ ಕಟ್ಟಿಗೆಯ ಆಸರೆ ಕೊಡಿರಿ, ಗೋಡೆಗೆ ಅಡ್ಡವಾಗಿ ಕಟ್ಟುಕಲ್ಲು ಸೇರಿಸಿರಿ, ಬಾಗಿಲ ಮೇಲಿನ ಮಟ್ಟದಲ್ಲಿ ಮನೆಯ ಸುತ್ತ ಬಿಗಿಪಟ್ಟಿ ಹಾಕಿರಿ.

“ಆ ಭೂಕಂಪ ಆಗಿ ಎಷ್ಟೋ ವರ್ಷವಾಯಿತು, ಮತ್ತೆ ಬರುತ್ತದೆಯೇ?” ಎಂದು ಕೇಳುವವರಿದ್ದಾರೆ. 1993ಕ್ಕೆ ಮೊದಲು ನಮ್ಮ ಭಾಗ ಸರಕಾರದ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಲಾತೂರ ಭಾಗವನ್ನು 3ನೇ ವಲಯಕ್ಕೆ ಸೇರಿಸಿದರು. 2024ರಲ್ಲಿ ಹಿಂಗೋಲಿಯ ಕಡೆ ನಾಲ್ಕೂವರೆ ಪ್ರಮಾಣದ ಕಂಪನಗಳಾದವು. ದಿನ ಹೇಳಿ ಬರುವ ಸಂಕಟವಲ್ಲ ಇದು.

ಆದುದರಿಂದ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟ: ಈಗಿರುವ ಸ್ಥಿತಿಯಲ್ಲಿ ಮಾವನವರನ್ನು ಆ ಮನೆಯಲ್ಲಿ ಒಂದು ರಾತ್ರಿಯೂ ಮಲಗಿಸಬೇಡ ತಂಗಿ. ಭೂಕಂಪವೇ ಬೇಕಿಲ್ಲ, ಆರು ವರ್ಷ ಒಲೆ ಹೊತ್ತದ, ಗುಡಿಸಿ ಸಾರಿಸದ, ಮಳೆನೀರು ಎಲ್ಲಿ ಇಳಿಯುತ್ತಿದೆಯೆಂದು ಯಾರೂ ನೋಡದ ಮಾಳಿಗೆ ತಾನಾಗಿಯೇ ಕುಸಿಯಬಹುದು.

ಮಣ್ಣು ಇಳಿಸುವ ಕ್ರಮ

ಮನೆ ಉಳಿಸಿಕೊಳ್ಳುವ ಮನಸ್ಸಿದ್ದವರು ಈ ಮಾರ್ಗಶಿರ-ಪುಷ್ಯದಲ್ಲಿಯೇ ಕೆಲಸ ಮಾಡಿಸಿರಿ. ಮಳೆ ಇಲ್ಲ, ಮಣ್ಣು ಒಣಗಿದೆ, ಹುಳಹುಪ್ಪಟೆಗಳ ಓಡಾಟವೂ ಕಡಿಮೆ. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ತಿ ತಪ್ಪದು. ಆದರೆ ಕಾಲ ನೋಡಿ, ಕಣ್ಣಿಟ್ಟು ಮಾಡಿದರೆ ಬಹಳಷ್ಟು ತಪ್ಪುತ್ತದೆ. ಮಣ್ಣನ್ನು ಸಲಿಕೆಯಿಂದ ಸಾವಕಾಶ ತೆಗೆಯಿಸಿ, ಇರುವೆ ಗೂಡು ಕಂಡಲ್ಲಿ ಆ ಮಣ್ಣನ್ನು ಹಾಗೆಯೇ ಬುಟ್ಟಿಯಲ್ಲಿ ಒಯ್ದು ಹಿತ್ತಲಿನ ನೆರಳಿನಲ್ಲಿ ಇಳಿಸಿರಿ.

ಮೊದಲು ಬಡಿಗೇರನನ್ನು ಕರೆದು ತೊಲೆಗಳ ತುದಿ ನೋಡಿಸಿರಿ. ಗೋಡೆಯೊಳಗೆ ಹೋದ ತುದಿಯೇ ಮೊದಲು ಕೊಳೆಯುವುದು, ಗೆದ್ದಲು ಹತ್ತುವುದೂ ಅಲ್ಲಿಯೇ. ಸಂಶಯವಿದ್ದ ತೊಲೆಗೆ ಕೆಳಗಿನಿಂದ ಆಸರೆ ಕಂಬ ಕೊಟ್ಟ ಮೇಲೆಯೇ ಮೇಲೆ ಆಳು ಹತ್ತಲಿ. ಕೆಳಗೆ ಯಾರೂ ಇರಬಾರದು. ಮಣ್ಣನ್ನು ಮಾಳಿಗೆಯ ಒಂದೇ ಮೂಲೆಗೆ ಗುಡ್ಡೆ ಹಾಕಬಾರದು. ತೆಗೆದದ್ದನ್ನು ಆಗಲೇ ಇಳಿಸಬೇಕು, ಎಲ್ಲ ಕಡೆಯಿಂದ ಸಮನಾಗಿ ತೆಗೆಯಬೇಕು. ಇಳಿಸಿದ ಮಣ್ಣನ್ನು ಗೋಡೆಯ ಬುಡಕ್ಕೆ ಒಟ್ಟಿದರೆ ಗೋಡೆ ತೇವ ಹಿಡಿಯುತ್ತದೆ, ದೂರ ಹಾಕಿಸಿರಿ.

ಒಂದು ಗೇಣು ಉಳಿಸಿರಿ. ಅಷ್ಟೇ ಮಣ್ಣಿದ್ದರೆ ಸೋರೀತೆಂಬ ಭಯಕ್ಕೆ ಈಗ ಉಪಾಯವಿದೆ: ಮೇಲಿನ ಪದರದ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಹರಿಯುವಂತೆ ಇಳಿಜಾರು ಕೊಟ್ಟು ಮೇಲೆ ಸಾರಿಸಿರಿ. ಎರಡು ಅಡಿಯಿಂದ ಒಂದು ಗೇಣಿಗೆ ಇಳಿಸಿದರೆ ಆ ಒಂದು ಕೋಣೆಯ ಮೇಲಿಂದಲೇ 67 ಕ್ವಿಂಟಲ್ ಭಾರ ಇಳಿಯುತ್ತದೆ. ಬೆಚ್ಚಗೆ ಹಾಗೆಯೇ ಉಳಿಯುತ್ತದೆ. ಹೊಟ್ಟೆ ಬಿಟ್ಟ ಗೋಡೆಗೆ ಮಾತ್ರ ಬೇರೆ ಉಪಾಯವಿಲ್ಲ. ತೊಲೆಗಳಿಗೆ ಆಸರೆ ಕೊಟ್ಟು, ಗೋಡೆಯ ಆ ಭಾಗವನ್ನು ಬಿಚ್ಚಿ, ಅಡ್ಡ ಕಟ್ಟುಕಲ್ಲುಗಳನ್ನು ಇಟ್ಟು ಮತ್ತೆ ಕಟ್ಟಿಸಬೇಕು. ಇದನ್ನು ಎಂಜಿನಿಯರರು ನೋಡಿ ಹೇಳಿದ ಮೇಲೆ ಅನುಭವಿ ಗೌಂಡಿಯಿಂದ ಮಾಡಿಸಿರಿ.

ಒಂದು ಎಚ್ಚರಿಕೆಯ ಮಾತು. ಕೆಲವರು ಮಾಳಿಗೆ ತೆಗೆದು, ಅದೇ ಹಳೆಯ ಕಲ್ಲು-ಮಣ್ಣಿನ ಗೋಡೆಗಳ ಮೇಲೆ ಸ್ಲ್ಯಾಬ್ ಹಾಕಿಸುತ್ತಾರೆ. “ಗೋಡೆ ಹೇಗೂ ಗಟ್ಟಿ ಇದೆ” ಎನ್ನುತ್ತಾರೆ. ಕಾಂಕ್ರೀಟಿನ ಒಂದೇ ಹಲಗೆ ಬಿಡಿ ಕಲ್ಲುಗಳ ಮೇಲೆ ಕೂತಂತಾಗುತ್ತದೆ. ಇದು ಎರಡೂ ಮನೆಗಳ ದೋಷವನ್ನು ಒಂದೇ ಮನೆಯಲ್ಲಿ ತಂದಂತೆ, ದಯವಿಟ್ಟು ಮಾಡಬೇಡಿರಿ.

ಹೊಸ ಮನೆಯನ್ನು ಬೆಚ್ಚಗಿರಿಸುವುದು

ಎರಡನೆಯ ಪ್ರಶ್ನೆ ಸುಲಭದ್ದು. ಖರ್ಚು ಕಡಿಮೆ, ಗಮನ ಹೆಚ್ಚು ಬೇಕು.

ನಮ್ಮ ಅಕ್ಷಾಂಶದಲ್ಲಿ ಡಿಸೆಂಬರಿನ ಮಧ್ಯಾಹ್ನ ಸೂರ್ಯ ದಕ್ಷಿಣದ ಕಡೆ ಬಾಗಿ, ನೆತ್ತಿಗೂ ದಿಗಂತಕ್ಕೂ ಹೆಚ್ಚುಕಡಿಮೆ ನಡುವೆ ಇರುತ್ತಾನೆ. ದಕ್ಷಿಣದ ಕಿಟಕಿ ತೆರೆದರೆ ಬಿಸಿಲು ಕೋಣೆಯ ಒಳಗೇ ಬರುತ್ತದೆ. ಬೇಸಿಗೆಯಲ್ಲಿ ಅದೇ ಸೂರ್ಯ ನೆತ್ತಿಯ ಮೇಲಿರುವುದರಿಂದ ಆ ಕಿಟಕಿಯಿಂದ ತೊಂದರೆಯಿಲ್ಲ. ಆದರೆ ಈಗ ವಾಸ್ತುವಿನ ಹೆಸರಿನಲ್ಲಿ ದಕ್ಷಿಣಕ್ಕೆ ಕಿಟಕಿಯೇ ಬೇಡವೆಂದು ಮುಚ್ಚಿಸುವವರು ಹೆಚ್ಚಾಗಿದ್ದಾರೆ. ಚಳಿಗಾಲದ ಉಚಿತ ಶಾಖವನ್ನು ಹೊರಗೇ ನಿಲ್ಲಿಸಿ, ಒಳಗೆ ವಿದ್ಯುತ್ ಹೀಟರ್ ಹಚ್ಚುವುದು ಯಾವ ಶಾಸ್ತ್ರ? ವೃದ್ಧರ ಹಾಸಿಗೆ ದಕ್ಷಿಣದ ಕಿಟಕಿ ಇರುವ ಕೋಣೆಯಲ್ಲಿರಲಿ. ಬೆಳಗ್ಗೆ ಹತ್ತರಿಂದ ನಾಲ್ಕರವರೆಗೆ ಪರದೆ ಸರಿಸಿಡಿರಿ, ನಾಲ್ಕೂವರೆಗೆ ಮುಚ್ಚಿರಿ. ಒಳಗೆ ಬಂದ ಶಾಖ ಆಗ ಒಳಗೇ ಉಳಿಯುತ್ತದೆ.

ಹಾಸಿಗೆಯನ್ನು ಹೊರಗೋಡೆಗೆ ತಾಗಿಸದೆ ಒಳಗೋಡೆಯ ಕಡೆ ಹಾಕಿರಿ. ಚಳಿ ಮೇಲಿನಿಂದ ಎಷ್ಟೋ ಕೆಳಗಿನಿಂದಲೂ ಅಷ್ಟೇ. ಹೊದೆಯಲು ಎರಡು ಕೌದಿ ಇದ್ದರೆ ಹಾಸಲೂ ಒಂದು ಇರಲಿ. ಫರಸಿ ಕಲ್ಲಿನ ನೆಲಕ್ಕೆ ಜಮಖಾನೆ ಹಾಸಿರಿ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆಯನ್ನು ಸುರುಳಿ ಮಾಡಿ ಹೊಲಿದ ದಿಂಡು ಇಟ್ಟರೆ ಸಾಕು. ಪತ್ರಾದ ಕೋಣೆಗೆ ಒಳಗಿನಿಂದ ಒಂದು ಗೇಣು ಬಿಟ್ಟು ಬಿದಿರಿನ ತಟ್ಟಿ ಕಟ್ಟಿಸಿರಿ. ನಡುವಿನ ಗಾಳಿಯೇ ಕೌದಿಯ ಕೆಲಸ ಮಾಡುತ್ತದೆ. ಸ್ಲ್ಯಾಬಿನ ಮೇಲೂ ಮಣ್ಣು ಹಾಕೋಣವೇ ಎಂದು ಕೇಳಬೇಡಿರಿ. ಸಾಮಾನ್ಯ ಮನೆಯ ಛತ್ತನ್ನು ಚದರ ಅಡಿಗೆ ಸುಮಾರು 14 ಕಿಲೋ ಹೆಚ್ಚುವರಿ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ, ಒಂದು ಗೇಣು ಮಣ್ಣು 30 ಕಿಲೋ ದಾಟುತ್ತದೆ.

ಮುಖ್ಯವಾದ ಮಾತು: ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಸಿಗಡಿ ಇಟ್ಟು ಮಲಗಬೇಡಿರಿ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ; ಮಲಗಿದವರು ಮಲಗಿದಲ್ಲಿಯೇ ಹೋಗುತ್ತಾರೆ. ಹಳೆಯ ಮನೆಯಲ್ಲಿ ಗವಾಕ್ಷಿ ಇತ್ತು, ನಡೆಯುತ್ತಿತ್ತು. ಹೊಸ ಮನೆಯಲ್ಲಿ ಅದಿಲ್ಲ. ಮೇಲಾಗಿ ರಾತ್ರಿಯ ಬೆಂಕಿಗೆ ಬಿದ್ದು ಸಾಯುವ ಜೀವಗಳ ಲೆಕ್ಕವೂ ನಮ್ಮದೇ. ಅದರ ಬದಲು ಬಿಸಿನೀರಿನ ರಬ್ಬರ್ ಚೀಲಕ್ಕೆ ಬಟ್ಟೆ ಸುತ್ತಿ ಕಾಲ ಬಳಿ ಇಡಿರಿ. ಈ ತಿಂಗಳುಗಳಲ್ಲಿ ಸೂರ್ಯಾಸ್ತ ಆರಕ್ಕೆ ಮೊದಲೇ ಆಗುತ್ತದೆ. ವೃದ್ಧರ ಊಟ ಬೇಗ ಮುಗಿದು ರಾತ್ರಿ ಉದ್ದವಾಗುತ್ತದೆ. ಆದುದರಿಂದ ಆ ಊಟ ಬಿಸಿಯಾಗಿಯೂ ಎಣ್ಣೆ-ತುಪ್ಪದ ಅಂಶ ಇರುವಂಥದ್ದಾಗಿಯೂ ಇರಲಿ.

ಮಾರುವ ಮುನ್ನ

ಮೂರನೆಯ ಪ್ರಶ್ನೆ ಕಠಿಣ. ಇಂದು ನಮ್ಮ ಊರುಗಳಲ್ಲಿ ಹಳೆಯ ಮನೆಗೆ ಬರುವ ಗಿರಾಕಿಗಳು ಮೂರು ಬಗೆ. ಒಬ್ಬ ಜಾಗಕ್ಕಾಗಿ ಬರುತ್ತಾನೆ, ಒಬ್ಬ ಸಾಗುವಾನಿಯ ಕಂಬ-ಬಾಗಿಲುಗಳಿಗಾಗಿ ಬರುತ್ತಾನೆ, ಮೂರನೆಯವನು ನಿಜವಾಗಿಯೂ ವಾಸ ಮಾಡಲು ಬರುತ್ತಾನೆ. ಮೊದಲಿಬ್ಬರಿಗೆ ಗೋಡೆಯ ದೋಷ ಸಂಬಂಧವಿಲ್ಲ. ಮೂರನೆಯವನು ಹೆಚ್ಚಾಗಿ ಬಡವ. ಹೊಸ ಬಡಾವಣೆಯಲ್ಲಿ ಪ್ಲಾಟ್ ಕೊಳ್ಳಲಾರದೆ ನಮ್ಮ ಓಣಿಗೆ ಬಂದವನು. ಗಿಲಾವಿನ ಹಿಂದೆ ಮುಚ್ಚಿಟ್ಟ ಗೋಡೆಯ ಪಕ್ಕದಲ್ಲಿ ತನ್ನ ಮಕ್ಕಳನ್ನು ಮಲಗಿಸುವವನು ಅವನೇ.

ಕಾಯ್ದೆ ಇದನ್ನು ಒಪ್ಪುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ ಮಹತ್ವದ ದೋಷವನ್ನು ಮಾರುವವನು ತಾನಾಗಿ ತಿಳಿಸಬೇಕು. ನಮ್ಮ ಧರ್ಮವಂತೂ ಇದಕ್ಕೆ ಬಹಳ ಹಿಂದೆಯೇ ಹೆಸರಿಟ್ಟಿದೆ. ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ ಒಂದು, ಪ್ರತಿರೂಪಕ ವ್ಯವಹಾರ ಇನ್ನೊಂದು. ತಕ್ಕಡಿಯಲ್ಲಿ ಮೋಸ ಮಾಡಬಾರದು, ಕೀಳು ಮಾಲನ್ನು ಒಳ್ಳೆಯದರಂತೆ ತೋರಿಸಿ ಮಾರಬಾರದು. ಅಂಗಡಿಯಲ್ಲಿ ತೊಗರಿಗೆ ಕಲ್ಲು ಬೆರೆಸದ ನಾವು ಮನೆ ಮಾರುವಾಗ ಬಿರುಕಿಗೆ ಸುಣ್ಣ ಬಳಿಯಬಹುದೇ?

ಇದನ್ನು ಉಪದೇಶವಾಗಿ ಮಾತ್ರ ಹೇಳುತ್ತಿಲ್ಲ. ನಿಲಂಗಾ ಕಡೆಯ ನಮ್ಮ ತಂದೆಯವರ ಮನೆಯನ್ನು 1997ರಲ್ಲಿ ಮಾರಿದೆವು. ಅದರ ಮೂಲೆಯಲ್ಲಿಯೂ ಕಿಲ್ಲಾರಿಯ ಬಿರುಕು ಇತ್ತು. ಮುಂದೆ ಒಂದು ಕಪಾಟು ಇಟ್ಟು ಸುಮ್ಮನಿದ್ದೆ ನಾನು. ಗಿರಾಕಿ ಬಂದ ದಿನ ನಮ್ಮ ತಾಯಿ, “ಆ ಕಪಾಟು ಸರಿಸಪ್ಪಾ, ಅವರಿಗೂ ಮಕ್ಕಳಿದ್ದಾವ” ಎಂದರು. ಸರಿಸಿದೆ. ಹದಿನೈದು ಸಾವಿರ ಕಡಿಮೆಯಾಯಿತು. ಆಗಿನ ಹದಿನೈದು ಸಾವಿರ ಸಣ್ಣ ಮೊತ್ತವಲ್ಲ. ಒಂದು ವಾರ ನನಗೆ ಊಟ ರುಚಿಸಲಿಲ್ಲ. ಕೊಂಡವರು ಅದೇ ಹಣದಲ್ಲಿ ಆ ಮೂಲೆಯನ್ನು ಬಿಚ್ಚಿ ಕಟ್ಟಿಸಿಕೊಂಡರು. ಆ ದಾರಿಯಲ್ಲಿ ಹೋದಾಗ ಈಗಲೂ ಅವರು ಕರೆದು ನೀರು ಕೊಡುತ್ತಾರೆ. ಕಪಾಟು ಸರಿಸದೆ ಇದ್ದಿದ್ದರೆ ಆ ಓಣಿಗೆ ಹೋಗುವ ಧೈರ್ಯ ನನಗೆ ಇರುತ್ತಿರಲಿಲ್ಲ.

ಇನ್ನು ಕಾಗದಪತ್ರ. ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಈಗ ತಾನೇ ತಾಲೂಕು ಸ್ಥಳವಾಗಿರುವ ದೇವಣಿ ಆಗ ಉದಗೀರಕ್ಕೆ ಸೇರಿತ್ತು. ಆದುದರಿಂದ ಅಜ್ಜಂದಿರ ಖರೀದಿ ಪತ್ರಗಳು ಉರ್ದುವಿನಲ್ಲಿರುವುದು ಸಹಜ. ಓದಲು ಬಾರದೆಂದು ಅವನ್ನು ರದ್ದಿಗೆ ಹಾಕಬೇಡಿರಿ. ತಿಳಿದವರಿಂದ ಅನುವಾದ ಮಾಡಿಸಿ ಇಡಿರಿ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಮೂಲಕ ಗಾವಠಾಣಗಳ ಅಳತೆ ಮಾಡಿ ಮನೆಗಳಿಗೆ ಸ್ವತ್ತಿನ ಪತ್ರಿಕೆ ಕೊಡುತ್ತಾರೆ. ನಿಮ್ಮ ಹಳ್ಳಿಯಲ್ಲಿ ಅಳತೆ ಆಗಿದ್ದರೆ ಅದರಲ್ಲಿ ಯಾರ ಹೆಸರು ಬಂದಿದೆ, ಹಿತ್ತಲು ಎಷ್ಟು ಬಂದಿದೆ ಎಂದು ಈಗಲೇ ನೋಡಿಕೊಳ್ಳಿರಿ. ಬೀಗ ಹಾಕಿದ ಮನೆಯ ಮೇರೆ ತಪ್ಪುವುದು ಬೇಗ.

ಹಿರಿಯರ ಮನೆಯಲ್ಲಿ ಹೆಣ್ಣುಮಕ್ಕಳ ಪಾಲನ್ನು ಮರೆಯಬಾರದು. ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಾದ ನಮಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೂ ಸ್ಪಷ್ಟಪಡಿಸಿದೆ. ಅಕ್ಕ-ತಂಗಿಯರನ್ನು ಕೇಳದೆ ಮಾರಿ, ಆಮೇಲೆ ರಕ್ಷಾಬಂಧನಕ್ಕೆ ಕೋರ್ಟಿನ ನೋಟೀಸು ಬಂದ ಮನೆಗಳನ್ನು ಕಂಡಿದ್ದೇನೆ.

ಹೊಸದನ್ನು ಕೊಳ್ಳುವವರಿಗೂ ಎರಡು ಮಾತು. ಹೊಲದ ತುಂಡನ್ನು ಒಂದೆರಡು ಗುಂಟೆಯಂತೆ ಬಾಂಡ್ ಕಾಗದದ ಮೇಲೆ ಬರೆದುಕೊಟ್ಟರೆ ಖರೀದಿ ಆದಂತಲ್ಲ. ನೋಂದಣಿ ಆಗಲೇಬೇಕು, ಜಾಗ ಎನ್‌ಎ ಆಗಿದೆಯೇ ನೋಡಬೇಕು. ದೊಡ್ಡ ಲೇಔಟ್ ಆಗಿದ್ದರೆ ಮಹಾರಾಷ್ಟ್ರದಲ್ಲಿ 2017ರ ಮೇ ತಿಂಗಳಿಂದ ಜಾರಿಗೆ ಬಂದ ರೇರಾದಲ್ಲಿ ನೋಂದಣಿ ಆಗಿದೆಯೇ ಕೇಳಿರಿ. ಕಟ್ಟಿದ ಮನೆಯಾದರೆ ಎಲ್ಲರೂ ಚದರ ಅಡಿಯ ದರ ಕೇಳುತ್ತಾರೆ. ಹೊರಗೋಡೆ ನಾಲ್ಕು ಅಂಗುಲದ್ದೋ ಒಂಬತ್ತು ಅಂಗುಲದ್ದೋ ಎಂದು ಕೇಳುವವರು ಕಡಿಮೆ. ಚಳಿಗಾಲದ ನಿದ್ದೆ ಆ ಐದು ಅಂಗುಲದಲ್ಲಿದೆ. ಬಾಗಿಲ ಮೇಲಿನ ಮಟ್ಟದಲ್ಲಿ ಮನೆಯ ಸುತ್ತ ಕಾಂಕ್ರೀಟ್ ಪಟ್ಟಿ ಇದೆಯೇ ಎಂಬುದನ್ನೂ ಕೇಳಿರಿ. 3ನೇ ವಲಯವೆಂದು ಗುರುತಿಸಲ್ಪಟ್ಟ ಭಾಗದಲ್ಲಿ ಅದು ಅಲಂಕಾರವಲ್ಲ.

ತಂಗಿಗೆ ಕೊನೆಯ ಮಾತು

ಈ ತಿಂಗಳು ಇಷ್ಟು ಮಾಡು. ಮಾವನವರ ಹಾಸಿಗೆಯನ್ನು ದಕ್ಷಿಣದ ಕೋಣೆಗೆ ಹಾಕು. ಹಳೆಯ ಮನೆಯನ್ನು ಅವರಿಗೆ ಹಗಲಲ್ಲಿ ಹೊರಗಿನಿಂದ ತೋರಿಸಿ, ಆ ಗೋಡೆಯನ್ನು ಅವರೇ ಕಣ್ಣಾರೆ ನೋಡಲಿ; ಮನೆ ಅವರದು, ನಿರ್ಣಯದಲ್ಲಿ ಅವರ ಮಾತು ಮೊದಲು. ಭಾವನವರಿಗೂ ನಾದಿನಿಯರಿಗೂ ಒಂದು ದಿನ ಗೊತ್ತು ಮಾಡಿ ಕರೆಸಿರಿ. ಉಳಿಸುವುದಾದರೆ ಪುಷ್ಯದೊಳಗೆ ಮಣ್ಣು ಇಳಿಸಿ ಗೋಡೆ ಕಟ್ಟಿಸಿರಿ, ಮುಂದಿನ ಚಳಿಗಾಲ ಮಾವನವರು ಅಲ್ಲಿಯೇ ಮಲಗಲಿ. ಮಾರುವುದಾದರೆ ಗಿಲಾವು ಮಾಡದೆ ಮಾರಿರಿ, ಗೋಡೆಯ ದೋಷವನ್ನು ಖರೀದಿ ಪತ್ರದಲ್ಲಿಯೇ ಬರೆಸಿರಿ. ಬೆಲೆ ಸ್ವಲ್ಪ ಇಳಿಯಬಹುದು. ಭಾವನವರು ಸಿಟ್ಟಾದರೆ ಈ ಪುಟ ಅವರಿಗೆ ಓದಲು ಕೊಡು; ಬೈಯುವುದಿದ್ದರೆ ನನಗೆ ಬರೆಯಲಿ.

ಉಳಿದ ಓದುಗರೂ ಈ ಬಿಡುವಿನಲ್ಲಿ ಒಂದು ದಿನ ಏಣಿ ಹಚ್ಚಿ ಮಾಳಿಗೆ ಹತ್ತಿ, ಒಂದು ಕಡೆ ಅಗೆದು ಮಣ್ಣು ಎಷ್ಟು ಗೇಣು ಇದೆ ನೋಡಿರಿ. ನೋಡಿದ್ದನ್ನು ನಮಗೆ ಬರೆದು ತಿಳಿಸಿರಿ.

ಜೈ ಜಿನೇಂದ್ರ.